ಶಿಬಿರದಲ್ಲಿ ಅಜ್ಜನಿಗೇನು ಕೆಲಸ?

ಬೇಸಿಗೆ ರಜೆ ಹತ್ತಿರವಾದಂತೆ ಕನ್ನಡ ನಾಡಿನ ಚರ್ಚುಗಳ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಕಾಣಿಸಿಕೊಳ್ಳುತ್ತದೆ: ‘ಯೌವನಸ್ಥರ ಶಿಬಿರ’. ಊರಿಗೆಲ್ಲ ಯುವಕ ಯುವತಿಯರಾದವರು ಕನ್ನಡ ಸಭೆಗಳಲ್ಲಿ ಮಾತ್ರ ಇನ್ನೂ ಯೌವನಸ್ಥರೇ. ಹಳೆಯ ಸತ್ಯವೇದದಿಂದ ಬಂದ ಮಾತು. ಸ್ವಲ್ಪ ಭಾರವಾದರೂ ಕಿವಿಗೆ ಹಿತವಾಗಿದೆ. ಕಾಗದದಲ್ಲಿ ತರಬೇಕಾದ ಸಾಮಾನುಗಳ ಪಟ್ಟಿ ಇರುತ್ತದೆ. ಸತ್ಯವೇದ, ನೋಟ್‌ಬುಕ್ಕು, ತಟ್ಟೆ, ಲೋಟ, ಹೊದಿಕೆ, ಟಾರ್ಚು. ಕಡೆಯಲ್ಲಿ ವಯೋಮಿತಿ. ಮೇಲಿನ ಗೆರೆ ಮೂವತ್ತಕ್ಕೋ ಮೂವತ್ತೈದಕ್ಕೋ ನಿಲ್ಲುತ್ತದೆ. ಆದರೆ ಶಿಬಿರ ನಡೆಯುವ ಜಾಗಕ್ಕೆ ಹೋಗಿ ನೋಡಿ, ಆ ಗೆರೆಯನ್ನು ಎಂದೋ ದಾಟಿದ ಐದಾರು ಜನ ಅಲ್ಲಿ ಓಡಾಡುತ್ತಿರುತ್ತಾರೆ. ಒಬ್ಬರು ಕೊಪ್ಪರಿಗೆಯ ಪಕ್ಕ ಸೌಟು ಹಿಡಿದು ನಿಂತಿರುತ್ತಾರೆ. ಇನ್ನೊಬ್ಬರು ನೀರಿನ ಟ್ಯಾಂಕಿನ ಏಣಿ ಹತ್ತಲು ಹೊರಟು ಹೆಂಡತಿಯಿಂದ ಬೈಸಿಕೊಳ್ಳುತ್ತಿರುತ್ತಾರೆ. ಹಿರಿಯ ಹೆಂಗಸೊಬ್ಬರು ಮಾತ್ರೆಗಳ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲ ಬಳಿ ಕೂತಿರುತ್ತಾರೆ. ಇವರ ಹೆಸರು ಕಾಗದದಲ್ಲಿ ಇಲ್ಲ.

ಇವರ ವಿಚಾರದಲ್ಲಿ ಪ್ರತಿ ವರ್ಷ ಸಣ್ಣದೊಂದು ಜಗಳ ಆಗಿಯೇ ಆಗುತ್ತದೆ. “ಇದು ನಮ್ಮ ಶಿಬಿರ, ಇಲ್ಲಿ ಅಜ್ಜನಿಗೇನು ಕೆಲಸ?” ಎಂದು ಹುಡುಗರು ಕೇಳುತ್ತಾರೆ, ಎದುರಿಗಲ್ಲ, ಹಿಂದಿನಿಂದ. “ಹುಡುಗರ ಕೈಗೆ ಕೊಟ್ಟರೆ ಎರಡನೆಯ ದಿನಕ್ಕೇ ಅಕ್ಕಿ ಮುಗಿದಿರುತ್ತದೆ” ಎಂದು ಹಿರಿಯರು ಹೇಳುತ್ತಾರೆ, ಇದು ಎದುರಿಗೇ. ಎರಡು ಮಾತಿನಲ್ಲೂ ಸತ್ಯವಿದೆ. ಅಕ್ಕಿ ಮುಗಿಯುವುದೂ ನಿಜ, ಪ್ರಾರ್ಥನೆಯಿಂದ ಹಿಡಿದು ಬಾಳೆಹಣ್ಣು ಹಂಚುವವರೆಗೆ ಎಲ್ಲದರಲ್ಲೂ ಕೈಯಾಡಿಸುವ ಹಿರಿಯರಿಂದ ಹುಡುಗರಿಗೆ ಉಸಿರು ಕಟ್ಟುವುದೂ ನಿಜ. ವಾರ್ಷಿಕೋತ್ಸವದ ಭಾಷಣಗಳಲ್ಲಿ ಬೇರು-ಚಿಗುರಿನ ಮಾತು ಕೇಳಿ ಕೇಳಿ ಸಾಕಾಗಿದೆ. ಬೇರು ಮಣ್ಣಿನೊಳಗೆ ಸುಮ್ಮನಿರುತ್ತದೆ. ನಮ್ಮ ಸಭೆಯ ಹಿರಿಯರು ಸುಮ್ಮನಿರುವ ಪೈಕಿಯಲ್ಲ.

ಈ ಜಗಳದ ಹಿಂದಿನ ಕಥೆ ನೋಡಿದರೆ ತಮಾಷೆಯಾಗಿದೆ. ಇಂದು ನಮಗೆ ಹಿರಿಯರ ಸಂಸ್ಥೆಗಳಂತೆ ಕಾಣುವ ಅನೇಕ ಕ್ರೈಸ್ತ ಸಂಘಗಳನ್ನು ಹುಟ್ಟಿಸಿದವರು ಹುಡುಗರೇ. 1844ರಲ್ಲಿ ಲಂಡನ್ನಿನಲ್ಲಿ ವೈಎಂಸಿಎ ಆರಂಭಿಸಿದ ಜಾರ್ಜ್ ವಿಲಿಯಮ್ಸ್ ಬಟ್ಟೆ ಅಂಗಡಿಯೊಂದರ ನೌಕರ; ವಯಸ್ಸು 22. ಗ್ಲಾಸ್ಗೋ ನಗರದಲ್ಲಿ 1883ರ ಅಕ್ಟೋಬರಿನಲ್ಲಿ ಬಾಯ್ಸ್ ಬ್ರಿಗೇಡ್ ಕಟ್ಟಿದ ವಿಲಿಯಂ ಅಲೆಗ್ಸಾಂಡರ್ ಸ್ಮಿತ್‌ಗೆ ಇನ್ನೂ 29 ತುಂಬಿರಲಿಲ್ಲ. ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಸ್ಮಿತ್‌ಗೆ ಎದುರಾದದ್ದು ಎಲ್ಲ ಊರಿನ ಎಲ್ಲ ಮೇಷ್ಟರುಗಳಿಗೂ ಎದುರಾಗುವ ಕಷ್ಟ. ಚಿಕ್ಕ ಮಕ್ಕಳು ಕಥೆ ಕೇಳುತ್ತವೆ. ಹನ್ನೆರಡು ದಾಟಿದ ಹುಡುಗರು ಬೆಂಚಿನ ಕೊನೆಯಲ್ಲಿ ಕೂತು ಗಲಾಟೆ ಮಾಡುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ. ಸ್ಮಿತ್ ಸ್ವಯಂಸೇವಕ ಸೈನ್ಯದಲ್ಲಿದ್ದವನು. ಅಲ್ಲಿನ ಡ್ರಿಲ್ಲು, ಟೋಪಿ, ಬೆಲ್ಟನ್ನು ಸಂಡೇ ಸ್ಕೂಲಿಗೆ ತಂದ. ಹುಡುಗರಲ್ಲೇ ಕೆಲವರನ್ನು ಕಾರ್ಪೊರಲ್, ಸಾರ್ಜೆಂಟ್ ಮಾಡಿ ಉಳಿದವರನ್ನು ನೋಡಿಕೊಳ್ಳುವ ಭಾರ ಹೊರಿಸಿದ. 1886ರ ಬೇಸಿಗೆಯಲ್ಲಿ ಅವರನ್ನೆಲ್ಲ ಕರೆದುಕೊಂಡು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಹಳ್ಳಿಗೆ ಹೋಗಿ ಶಿಬಿರ ಹೂಡಿದ. ಕಾರ್ಖಾನೆಯ ಹೊಗೆಯಲ್ಲಿ ಬೆಳೆದ ಹುಡುಗರಿಗೆ ಸಮುದ್ರದ ಗಾಳಿ, ಒಟ್ಟಿಗೆ ಊಟ, ಒಟ್ಟಿಗೆ ಪ್ರಾರ್ಥನೆ. ಸೈನಿಕರ ಕವಾಯತಿನ ಮಾದರಿ ನನಗೆ ಅಷ್ಟಾಗಿ ಹಿಡಿಸದು. ಆದರೆ ಹುಡುಗನ ಕೈಗೆ ನಿಜವಾದ ಕೆಲಸ ಕೊಟ್ಟರೆ ಅವನು ಬೆಂಚಿನ ಕೊನೆಯಿಂದ ಎದ್ದು ಮುಂದೆ ಬರುತ್ತಾನೆ ಎಂಬುದನ್ನು ಸ್ಮಿತ್ ಸರಿಯಾಗಿಯೇ ಕಂಡುಕೊಂಡಿದ್ದ.

ಅದಕ್ಕೆ ಒಂದು ವರ್ಷ ಮೊದಲು, 1885ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವೈಎಂಸಿಎಯ ಸಮ್ನರ್ ಡಡ್ಲಿ ಎಂಬ ಸ್ವಯಂಸೇವಕ ಏಳು ಹುಡುಗರನ್ನು ಕರೆದುಕೊಂಡು ಆರೆಂಜ್ ಲೇಕ್ ಎಂಬ ಕೆರೆಯ ದಂಡೆಗೆ ಹೋಗಿದ್ದ. ಹುಡುಗರೆಲ್ಲ ತಲೆಗೂದಲನ್ನು ನುಣ್ಣಗೆ ಕತ್ತರಿಸಿಕೊಂಡಿದ್ದರಿಂದ ಆ ಶಿಬಿರಕ್ಕೆ ‘ಬೋಳುತಲೆ ಶಿಬಿರ’ ಎಂದೇ ಹೆಸರು ಬಿತ್ತು. ಏಳು ಜನ, ಬೋಳು ತಲೆ, ಒಂದು ಗುಡಾರ. ಡಡ್ಲಿ 1897ರಲ್ಲಿ ತೀರಿಕೊಂಡ. ಅವನ ಹೆಸರಿಟ್ಟುಕೊಂಡ ಶಿಬಿರ ಶಾಂಪ್ಲೇನ್ ಸರೋವರದ ದಂಡೆಯಲ್ಲಿ ಇಂದಿಗೂ ಪ್ರತಿ ಬೇಸಿಗೆಯಲ್ಲಿ ನಡೆಯುತ್ತದೆ. ‘ಮೊದಲು ಇನ್ನೊಬ್ಬ’ ಎಂಬುದು ಅದರ ಧ್ಯೇಯ. ಅಲ್ಲಿಗೆ ಸೇರಿದ ಪ್ರತಿಯೊಬ್ಬ ಹುಡುಗನಿಗೂ ಒಂದು ಅಂಕಿ ಕೊಡುತ್ತಾರೆ. ಅದು ಸಾಯುವವರೆಗೆ ಅವನದೇ. ಅಜ್ಜನಾದ ಮೇಲೂ ಅವನು ಅಂಕಿ ಹೇಳಿಕೊಂಡು ಬರಬಹುದು, ಬಂದು ಪಾತ್ರೆ ತೊಳೆಯಬಹುದು. ಶಿಬಿರಕ್ಕೆ ಬಂದ ಹುಡುಗ ನಾಲ್ಕಾರು ವರ್ಷದ ನಂತರ ಕಿರಿಯರನ್ನು ನೋಡಿಕೊಳ್ಳುವವನಾಗಿ ಮರಳುವುದು ಅಲ್ಲಿ ನಡೆದುಬಂದ ರೂಢಿ. ವಯೋಮಿತಿಯ ಗೆರೆಯನ್ನು ದಾಟಲು ಒಂದು ಸಣ್ಣ ಸೇತುವೆ ಕಟ್ಟಿಟ್ಟಿದ್ದಾರೆ ಅನ್ನಿ.

ಸ್ಕೌಟ್ ಚಳವಳಿಯ ಕಥೆ ನಮ್ಮ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತು. 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಬೇಡೆನ್ ಪೊವೆಲ್ ನಡೆಸಿದ ಆ ಮೊದಲ ಶಿಬಿರಕ್ಕೆ ಶ್ರೀಮಂತರ ಶಾಲೆಯ ಹುಡುಗರ ಜೊತೆ ಸ್ಮಿತ್‌ನ ಬಾಯ್ಸ್ ಬ್ರಿಗೇಡಿನ ಬಡ ಹುಡುಗರೂ ಬಂದಿದ್ದರು. ಪೊವೆಲ್‌ಗೆ ಆಗ ಐವತ್ತು. ಹುಡುಗರನ್ನು ನಾಲ್ಕು ತಂಡ ಮಾಡಿ, ಪ್ರತಿ ತಂಡಕ್ಕೂ ಹುಡುಗನೊಬ್ಬನನ್ನೇ ನಾಯಕನನ್ನಾಗಿ ಇಟ್ಟ. ಇದನ್ನು ಇಲ್ಲಿ ಹೇಳಿದ್ದೇಕೆಂದರೆ, ಚರ್ಚಿನ ಶಿಬಿರವಾಗಲಿ ಸ್ಕೌಟ್ ಶಿಬಿರವಾಗಲಿ, ಕಾಲೇಜಿನ ಎನ್ನೆಸ್ಸೆಸ್ ಶಿಬಿರವಾಗಲಿ, ಎಲ್ಲದರ ಬೆನ್ನೆಲುಬು ಒಂದೇ. ದೊಡ್ಡವನು ಹಿಂದೆ ನಿಲ್ಲಬೇಕು, ಚಿಕ್ಕವನು ಮುಂದೆ ಬರಬೇಕು, ಆದರೆ ದೊಡ್ಡವನು ಜಾಗ ಬಿಟ್ಟು ಹೋಗಬಾರದು.

ಹಾಗಾದರೆ ಇಬ್ಬರೂ ಕಲೆಯುವುದು ಎಲ್ಲಿ? ಉಪದೇಶದ ಹೊತ್ತಿನಲ್ಲಂತೂ ಅಲ್ಲ. ಉಪದೇಶದ ಹೊತ್ತಿನಲ್ಲಿ ಒಬ್ಬರು ಮೇಲೆ ನಿಂತಿರುತ್ತಾರೆ, ಉಳಿದವರು ಜಮಖಾನದ ಮೇಲೆ ತೂಕಡಿಸುತ್ತಿರುತ್ತಾರೆ. ಕಲೆಯುವುದು ಪಾತ್ರೆ ತೊಳೆಯುವ ನಲ್ಲಿಯ ಬಳಿ. ಈರುಳ್ಳಿ ಹೆಚ್ಚುವ ಜಾಗದಲ್ಲಿ. ಜನರೇಟರು ಕೈಕೊಟ್ಟ ಕತ್ತಲೆಯಲ್ಲಿ. ನಮ್ಮ ಕಡೆಯ ಶಿಬಿರಗಳಲ್ಲಿ ಕಿವಿಗೆ ಬೀಳುವ ಮಾತೇ ಇದು:

“ಅಂಕಲ್, ನೀವು ಕೂತ್ಕೊಳ್ಳಿ, ನಾವು ನೋಡ್ಕೊಳ್ತೀವಿ.”

“ನಾನು ಕೂತ್ರೆ ಸಾರು ತಳ ಹಿಡೀತದೆ ಮಗಾ. ನೀನು ಆ ಕಡೆ ಸೌಟು ಹಿಡಿ. ಹಾಗಲ್ಲ, ತಳಕ್ಕೆ ಮುಟ್ಟಿಸಿ ತಿರುಗಿಸು.”

ನೂರು ಜನರ ಸಾರನ್ನು ತಳ ಹಿಡಿಯದಂತೆ ಮಾಡುವುದು ಒಂದು ವಿದ್ಯೆ. ಅದು ಪುಸ್ತಕದಲ್ಲಿ ಸಿಗುವುದಿಲ್ಲ, ಫೋನಿನಲ್ಲಿ ನೋಡಿದರೂ ತೋಳಿಗೆ ಬರುವುದಿಲ್ಲ. ಕೊಪ್ಪರಿಗೆಯ ಪಕ್ಕದಲ್ಲಿ ಅರ್ಧ ಗಂಟೆ ಜೊತೆಗೆ ನಿಂತರೆ ಹುಡುಗ ಕೇಳದ ಪ್ರಶ್ನೆ ಕೇಳುತ್ತಾನೆ. ನೌಕರಿ ಸಿಗದಿದ್ದರೆ ಏನು ಮಾಡುವುದು, ಮನೆಯಲ್ಲಿ ಅಪ್ಪ ಕುಡಿಯುತ್ತಾನೆ, ಪ್ರಾರ್ಥನೆ ಮಾಡಿದರೂ ಏನೂ ಆಗುವುದಿಲ್ಲವಲ್ಲ ಎಂಬಂಥವು. ಇಬ್ಬರ ಕಣ್ಣೂ ಸಾರಿನ ಮೇಲಿರುವುದರಿಂದ ಕೇಳುವುದು ಸುಲಭ. ಎದುರುಬದುರು ಕುರ್ಚಿ ಹಾಕಿ ‘ಆಪ್ತ ಸಮಾಲೋಚನೆ’ ಎಂದು ಬೋರ್ಡು ಬರೆದರೆ ಒಬ್ಬನೂ ಬಾಯಿ ಬಿಡುವುದಿಲ್ಲ.

ಈ ಗುಟ್ಟನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದವನು ಸ್ಕಾಟ್ಲೆಂಡಿನ ಪಾದ್ರಿ ಜಾರ್ಜ್ ಮೆಕ್ಲೌಡ್. 1938ರಲ್ಲಿ ಆತ ಅಯೋನಾ ಎಂಬ ದ್ವೀಪದಲ್ಲಿ ಪಾಳುಬಿದ್ದಿದ್ದ ಹಳೆಯ ಮಠದ ಕಟ್ಟಡಗಳನ್ನು ಎತ್ತಿ ನಿಲ್ಲಿಸಲು ಹೊರಟ. ಕೆಲಸವಿಲ್ಲದೆ ಕೂತಿದ್ದ ಕಲ್ಲುಕುಟಿಗರು, ಬಡಗಿಗಳು ಒಂದು ಕಡೆ. ಪಾದ್ರಿಯಾಗಲು ಓದು ಮುಗಿಸಿದ ತರುಣರು ಇನ್ನೊಂದು ಕಡೆ. ಯಾರು ಯಾರ ಕೈಕೆಳಗೆ? ಓದಿದವರು ಕೂಲಿಯಾಳುಗಳು, ಕಲ್ಲುಕುಟಿಗರೇ ಯಜಮಾನರು. ದೇವಶಾಸ್ತ್ರದ ಪದವೀಧರ ಗಾರೆ ಕಲಸಬೇಕು, ಕಲ್ಲು ಹೊರಬೇಕು, ಕುಶಲಕರ್ಮಿಯಿಂದ ತಪ್ಪು ತಿದ್ದಿಸಿಕೊಳ್ಳಬೇಕು. ಕಟ್ಟಡದ ಕೆಲಸ ಮುಗಿಯುವ ಹೊತ್ತಿಗೆ 1965 ಆಗಿತ್ತು. ಅಷ್ಟರಲ್ಲಿ ಆ ದ್ವೀಪದಲ್ಲೂ ಪಕ್ಕದ ಮಲ್ ದ್ವೀಪದಲ್ಲೂ ಯುವಶಿಬಿರಗಳು ಬೇರೂರಿದ್ದವು. ಮೆಕ್ಲೌಡ್ ಕಟ್ಟಿದ್ದು ಗೋಡೆಯನ್ನೋ ಮನುಷ್ಯರನ್ನೋ ಎಂಬ ಚರ್ಚೆ ಬೇಡ. ಗೋಡೆ ಇಲ್ಲದಿದ್ದರೆ ಮನುಷ್ಯರು ಒಟ್ಟಿಗೆ ನಿಲ್ಲುತ್ತಿರಲಿಲ್ಲ.

ನಮ್ಮಲ್ಲಿ ಹಾಡಿನ ವಿಷಯಕ್ಕೇ ಎಷ್ಟು ವರ್ಷದ ಕದನ ನೋಡಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಧಾರವಾಡ ಹುಬ್ಬಳ್ಳಿಗಳ ತನಕ ಹೋದರು. ಅವರ ಜೊತೆ ಜರ್ಮನ್ ರಾಗಗಳೂ ಬಂದವು. ಆ ರಾಗಗಳಿಗೆ ಕನ್ನಡ ಪದ ಕೂರಿಸಿದ ಸಂಗೀತಗಳನ್ನು ಅಜ್ಜಂದಿರು ನಾಲ್ಕು ಸ್ವರದಲ್ಲಿ ಪುಸ್ತಕ ನೋಡದೆ ಹಾಡುತ್ತಾರೆ. ಹುಡುಗರಿಗೆ ಗಿಟಾರು, ಕೀಬೋರ್ಡು, ಗೋಡೆಯ ಮೇಲೆ ಬೆಳಕಿನಲ್ಲಿ ಮೂಡುವ ಸಾಲು ಬೇಕು. ಈ ಕದನ ಸಭೆಯ ಕಮಿಟಿಯಲ್ಲಿ ಬಗೆಹರಿದದ್ದನ್ನು ನಾನು ಕಂಡಿಲ್ಲ. ಶಿಬಿರದಲ್ಲಿ ಕೆಲವೊಮ್ಮೆ ತಾನಾಗಿ ಬಗೆಹರಿಯುತ್ತದೆ. ಕರೆಂಟು ಹೋಗುತ್ತದೆ, ಕೀಬೋರ್ಡು ಸಾಯುತ್ತದೆ, ಗೋಡೆಯ ಮೇಲಿನ ಸಾಲು ಮಾಯವಾಗುತ್ತದೆ. ಆಗ ಪದವೆಲ್ಲ ಬಾಯಿಗೆ ಬರುವವರು ಅಜ್ಜಂದಿರು ಮಾತ್ರ. ಕತ್ತಲಲ್ಲಿ ಗಿಟಾರಿನ ಹುಡುಗ ಆ ರಾಗಕ್ಕೆ ಶ್ರುತಿ ಹುಡುಕುತ್ತ ಹಿಂದೆ ಹಿಂದೆ ಬರುತ್ತಾನೆ. ಮೆಸ್ಕಾಂ, ಹೆಸ್ಕಾಂ, ಬೆಸ್ಕಾಂಗಳು ಮಾಡಿದ ಈ ಉಪಕಾರಕ್ಕೆ ಯಾವ ಸಭೆಯೂ ಕೃತಜ್ಞತೆ ಹೇಳಿದಂತಿಲ್ಲ.

ಕಾಲೇಜು ವಿದ್ಯಾರ್ಥಿಗಳ ನಡುವೆ ಈ ಜಗಳವನ್ನು ಇನ್ನೊಂದು ರೀತಿಯಲ್ಲಿ ಬಗೆಹರಿಸಿಕೊಂಡವರಿದ್ದಾರೆ. ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ 1954ರಲ್ಲಿ ಹುಟ್ಟಿದ್ದು. ಬೆಂಗಳೂರೂ ಸೇರಿದಂತೆ ದೇಶದ ಅನೇಕ ಕಾಲೇಜು ಊರುಗಳಲ್ಲಿ ಅದರ ಗುಂಪುಗಳಿವೆ. ಗುಂಪು ನಡೆಸುವವರು ವಿದ್ಯಾರ್ಥಿಗಳು. ಓದು ಮುಗಿಸಿ ನೌಕರಿ ಹಿಡಿದವರು ಬೆನ್ನಿಗೆ ನಿಲ್ಲುತ್ತಾರೆ. ಹಣ, ಸಮಯ, ಮನೆಯ ಊಟ ಅವರ ಕಡೆಯಿಂದ. ಬ್ಯಾಂಕಿನವರು, ಮೇಷ್ಟರುಗಳು, ಎಂಜಿನಿಯರುಗಳು ರಜೆ ಹಾಕಿ ಶಿಬಿರಕ್ಕೆ ಬರುವುದುಂಟು. ಹುಡುಗ ಮೂರು ವರ್ಷಕ್ಕೆ ಊರು ಬಿಟ್ಟು ಹೋಗುತ್ತಾನೆ. ಕಳೆದ ಸಲ ಎಲ್ಲಿ ಎಡವಿದೆವು ಎಂದು ನೆನಪಿಡುವವರು ಉಳಿದವರೇ. ಹಿರಿಯರಿಂದ ಶಿಬಿರಕ್ಕೆ ಆಗುವ ದೊಡ್ಡ ಉಪಯೋಗ ಬಹುಶಃ ಇದೇ, ನೆನಪು. ಯಾವ ಬಾವಿಯ ನೀರು ಮೇ ತಿಂಗಳಲ್ಲಿ ಕೆಡುತ್ತದೆ, ಯಾವ ಹೊಳೆಯಲ್ಲಿ ಎಲ್ಲಿ ಮಡು ಇದೆ ಎಂಬ ನೆನಪು. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಹೋದ ಕೋಲಾರ ಜಿಲ್ಲೆಯ ನಾಲ್ಕು ಜನ ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡದ್ದನ್ನು ನಾವು ಮರೆತಿಲ್ಲ. ನೀರಿನ ವಿಷಯದಲ್ಲಿ “ಬೇಡ” ಎನ್ನುವ ಮುದುಕನ ಮೇಲೆ ಹುಡುಗರಿಗೆ ಎಷ್ಟೇ ಸಿಟ್ಟು ಬರಲಿ, ಆ ಮುದುಕ ಅಲ್ಲಿರಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಓದುಗರಿಗೂ ಸಂತೋಷ, ನನಗೂ ಸುಲಭ. ಆದರೆ ಇದರ ಇನ್ನೊಂದು ಮುಖವನ್ನು ಹೇಳದೆ ಬಿಟ್ಟರೆ ಅದು ಮೋಸ.

ಇಂಗ್ಲೆಂಡಿನಲ್ಲಿ ಇ.ಜೆ.ಎಚ್. ನ್ಯಾಶ್ ಎಂಬ ಪಾದ್ರಿ 1932ರಲ್ಲಿ ಹುಡುಗರ ಶಿಬಿರಗಳನ್ನು ಆರಂಭಿಸಿದರು. ಡಾರ್ಸೆಟ್ ಪ್ರಾಂತದ ಯೂಅರ್ನ್ ಮಿನ್‌ಸ್ಟರ್ ಎಂಬ ಹಳ್ಳಿಯಲ್ಲಿ ನಡೆಯುತ್ತಿದ್ದುದರಿಂದ ಅವಕ್ಕೆ ಆ ಊರಿನ ಹೆಸರೇ ನಿಂತಿತು. ದೊಡ್ಡ ಮನೆತನದ ಹುಡುಗರು ಓದುವ ಶಾಲೆಗಳಿಂದ ಮಾತ್ರ ಅಲ್ಲಿಗೆ ಕರೆ. ಈ ಆಯ್ಕೆಯ ಬಗ್ಗೆ ನನಗೆ ಗೌರವವಿಲ್ಲ. ಆದರೆ ದೊಡ್ಡವರೂ ಚಿಕ್ಕವರೂ ಕೂಡಿ ದುಡಿಯುವ ಏರ್ಪಾಟು ಅಲ್ಲಿ ಬಹಳ ಅಚ್ಚುಕಟ್ಟಾಗಿತ್ತು. ವಿಶ್ವವಿದ್ಯಾಲಯಕ್ಕೆ ಹೋಗುವ ಹಳೆಯ ಹುಡುಗರು ಬಂದು ಬಡಿಸುತ್ತಿದ್ದರು, ತಟ್ಟೆ ತೊಳೆಯುತ್ತಿದ್ದರು. ಅದರ ಮೇಲಿನವರು ಚಿಕ್ಕ ಹುಡುಗರಿಗೆ ಪಾಠ ಹೇಳುತ್ತಿದ್ದರು. 1938ರಲ್ಲಿ ನ್ಯಾಶ್ ಅವರ ಮಾತು ಕೇಳಿ ನಂಬಿಕೆಗೆ ಬಂದ 16ರ ಹುಡುಗ ಜಾನ್ ಸ್ಟಾಟ್. ಅವನಿಗೆ ನ್ಯಾಶ್ ವಾರಕ್ಕೊಂದು ಕಾಗದ ಬರೆದರು, ವರ್ಷಗಟ್ಟಲೆ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗಲೇ ಸ್ಟಾಟ್ ಶಿಬಿರದ ಕಾರ್ಯದರ್ಶಿಯಾಗಿ ಅದರ ವ್ಯವಹಾರವನ್ನೆಲ್ಲ ನೋಡಿಕೊಳ್ಳತೊಡಗಿದ. 2011ರಲ್ಲಿ 90ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಸ್ಟಾಟ್ ಬರೆದ ಪುಸ್ತಕಗಳನ್ನು ನಮ್ಮ ದೇಶದ ಕ್ರೈಸ್ತ ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ. ವಾರಕ್ಕೊಂದು ಕಾಗದದಿಂದ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅದೇ ಏರ್ಪಾಟಿನೊಳಗೆ ಜಾನ್ ಸ್ಮೈತ್ ಬೆಳೆದ. ಪ್ರಸಿದ್ಧ ಬ್ಯಾರಿಸ್ಟರ್, ಒಳ್ಳೆಯ ಮಾತುಗಾರ. 1974ರಲ್ಲಿ ಆ ಶಿಬಿರಗಳ ಟ್ರಸ್ಟಿಗೆ ಅಧ್ಯಕ್ಷನಾದ. ಹುಡುಗರ ಜೊತೆ ಒಬ್ಬೊಬ್ಬರಾಗಿ ಸ್ನೇಹ ಬೆಳೆಸುವುದು, ಮನೆಗೆ ಊಟಕ್ಕೆ ಕರೆಯುವುದು ಆ ವಲಯದಲ್ಲಿ ಪದ್ಧತಿಯೇ ಆಗಿದ್ದುದರಿಂದ ಯಾರೂ ಹುಬ್ಬೇರಿಸಲಿಲ್ಲ. ಅವನ ಹಿತ್ತಲಿನಲ್ಲಿ ಒಂದು ಶೆಡ್ ಇತ್ತು. ಮಾಡಿದ ಪಾಪಕ್ಕೆ ಶಿಕ್ಷೆ ಎಂದು ನಂಬಿಸಿ ಅಲ್ಲಿ ಹುಡುಗರನ್ನು ಬೆತ್ತದಿಂದ ರಕ್ತ ಬರುವಂತೆ ಹೊಡೆಯುತ್ತಿದ್ದ. ಒಬ್ಬ ಆತ್ಮಹತ್ಯೆಗೆ ಪ್ರಯತ್ನಿಸಿದ. 1982ರಲ್ಲಿ ಶಿಬಿರದ ಹಿರಿಯರಿಗೆ ವಿಷಯ ತಿಳಿಯಿತು. ಕೇಂಬ್ರಿಜ್‌ನ ಪಾದ್ರಿ ಮಾರ್ಕ್ ರಸ್ಟನ್ ಒಂದು ವರದಿಯನ್ನೂ ಬರೆದರು. ವರದಿ ಕೆಲವರ ಕೈಯಲ್ಲೇ ಉಳಿಯಿತು, ಪೊಲೀಸರಿಗೆ ಯಾರೂ ಹೇಳಲಿಲ್ಲ. ಶಿಬಿರದ ಒಳ್ಳೆಯ ಕೆಲಸಕ್ಕೆ ಕೆಟ್ಟ ಹೆಸರು ಬರಬಾರದಲ್ಲ!

1984ರಲ್ಲಿ ಅವನು ಜಿಂಬಾಬ್ವೆಗೆ ಹೋದ. ಅಲ್ಲಿ ಏನು ತೆರೆದ ಗೊತ್ತೇ? ಹುಡುಗರ ಕ್ರೈಸ್ತ ಶಿಬಿರ. 1992ರ ಡಿಸೆಂಬರಿನಲ್ಲಿ ಅಲ್ಲಿನ ಈಜುಕೊಳದಲ್ಲಿ 16 ವರ್ಷದ ಹುಡುಗನೊಬ್ಬನ ಹೆಣ ಸಿಕ್ಕಿತು. ಮರುವರ್ಷ ಬುಲಾವಾಯೊ ನಗರದ ಪಾದ್ರಿಗಳು ಸೇರಿ ಡೇವಿಡ್ ಕೋಲ್ಟಾರ್ಟ್ ಎಂಬ ವಕೀಲರಿಂದ ವಿಚಾರಣೆ ಮಾಡಿಸಿ ವರದಿ ಪಡೆದರು. ಹುಡುಗನ ಸಾವಿನ ಬಗ್ಗೆ ಹೂಡಿದ ಮೊಕದ್ದಮೆ ಮಾತ್ರ ದಡ ಸೇರಲಿಲ್ಲ. 2017ರಲ್ಲಿ ಬ್ರಿಟನ್ನಿನ ಟೆಲಿವಿಷನ್ ಸುದ್ದಿಯಲ್ಲಿ ಎಲ್ಲವೂ ಬಯಲಾಯಿತು. 2018ರಲ್ಲಿ ಸ್ಮೈತ್ ದಕ್ಷಿಣ ಆಫ್ರಿಕಾದಲ್ಲಿ, ಒಂದು ದಿನವೂ ಕಟಕಟೆಯಲ್ಲಿ ಶಿಕ್ಷೆ ಕೇಳದೆ, ಸತ್ತ. 2024ರ ನವೆಂಬರ್ 7ರಂದು ಹೊರಬಂದ ಮೇಕಿನ್ ವರದಿಯ ಪ್ರಕಾರ ಎರಡು ಖಂಡಗಳಲ್ಲಿ ಅವನ ಕೈಗೆ ಸಿಕ್ಕ ಹುಡುಗರು, ತರುಣರು ನೂರಕ್ಕೂ ಹೆಚ್ಚು. ಐದು ದಿನಕ್ಕೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಿದರು. 2013ರಲ್ಲಿ ವಿಷಯ ತಮ್ಮ ಮುಂದೆ ಬಂದ ಮೇಲೂ ಸಾಕಷ್ಟು ಬೆನ್ನುಹತ್ತಲಿಲ್ಲ ಎಂಬುದು ಅವರ ಮೇಲಿನ ಆಕ್ಷೇಪ. ವೆಲ್ಬಿ ತರುಣರಾಗಿದ್ದಾಗ ಅದೇ ಯೂಅರ್ನ್ ಶಿಬಿರಗಳಲ್ಲಿ ದುಡಿದಿದ್ದರು.

ನ್ಯಾಶ್ ಬರೆದ ಕಾಗದಕ್ಕೂ ಸ್ಮೈತ್ ಕಟ್ಟಿದ ಶೆಡ್ಡಿಗೂ ಇದ್ದ ದಾರಿ ಒಂದೇ: ಹಿರಿಯನೊಬ್ಬನ ಮೇಲೆ ಕಿರಿಯನೊಬ್ಬನಿಗೆ ಹುಟ್ಟುವ ವಿಶ್ವಾಸ. ಆದ್ದರಿಂದ ವಿಶ್ವಾಸವೇ ಬೇಡ, ಹಿರಿಯರೇ ಬೇಡ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಹಿರಿಯರಿಲ್ಲದ ಶಿಬಿರದಲ್ಲಿ ಇಪ್ಪತ್ತರ ಹುಡುಗನೇ ಹದಿಮೂರರ ಹುಡುಗನಿಗೆ ಸರ್ವಾಧಿಕಾರಿಯಾಗುತ್ತಾನೆ. ಹಾಸ್ಟೆಲ್ ರ‍್ಯಾಗಿಂಗ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ನಮ್ಮ ಶಿಬಿರದಲ್ಲಿ ಕಿರಿಯನೊಬ್ಬ ಹಿರಿಯನ ತಪ್ಪನ್ನು ಬಾಯಿಬಿಟ್ಟು ಹೇಳಬಹುದೇ? ಹೇಳಿದರೆ ಕೇಳುವವರು ಇದ್ದಾರೆಯೇ?

ಯೌವನಸ್ಥರ ಶಿಬಿರಗಳಲ್ಲಿ ತಪ್ಪದೆ ಹೇಳುವ ಒಂದು ಕಥೆ ಬಾಲಕ ಸಮುವೇಲನದು. ಮುದುಕ ಯಾಜಕ ಏಲಿಯ ಬಳಿ ಸೇವೆಗಿದ್ದ ಹುಡುಗ. ರಾತ್ರಿ ಯಾರೋ ಹೆಸರು ಹಿಡಿದು ಕರೆದಂತಾಗಿ ಏಲಿಯ ಹತ್ತಿರ ಓಡುತ್ತಾನೆ. “ನಾನು ಕರೆಯಲಿಲ್ಲ, ಹೋಗಿ ಮಲಗು” ಎಂದು ಅಜ್ಜ ಕಳಿಸುತ್ತಾನೆ. ಮೂರನೆಯ ಸಲಕ್ಕೆ ಕರೆಯುತ್ತಿರುವವನು ದೇವರೆಂದು ಅಜ್ಜನಿಗೆ ಹೊಳೆದು, ಹೇಗೆ ಉತ್ತರ ಕೊಡಬೇಕೆಂದು ಹುಡುಗನಿಗೆ ಹೇಳಿಕೊಡುತ್ತಾನೆ. ಉಪದೇಶಕರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನೋಡಿರಿ ಯೌವನಸ್ಥರೇ, ಹಿರಿಯರು ಹೇಳಿಕೊಟ್ಟಂತೆ ಕೇಳಿರಿ ಎಂದು. ಕಥೆ ಅಲ್ಲಿಗೆ ಮುಗಿದಿಲ್ಲ ಎಂಬುದು ಆ ಅಧ್ಯಾಯ ಓದಿದವರಿಗೆಲ್ಲ ಗೊತ್ತು. ದೇವರು ಹುಡುಗನಿಗೆ ಹೇಳಿದ ಮಾತು ಏಲಿಯ ಮನೆತನದ ವಿರುದ್ಧವೇ ಇತ್ತು. ಏಲಿಯ ಮಕ್ಕಳು ಕಾಣಿಕೆಯ ಮಾಂಸವನ್ನು ಕಸಿದು ತಿನ್ನುತ್ತಿದ್ದರು, ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುವ ಹೆಂಗಸರನ್ನು ಕೆಡಿಸುತ್ತಿದ್ದರು. ಅಪ್ಪನಿಗೆ ಗೊತ್ತಿತ್ತು, ಗದರಿಸಿ ಸುಮ್ಮನಾಗಿದ್ದ, ತಡೆದಿರಲಿಲ್ಲ. ಬೆಳಗಾದಾಗ ಹುಡುಗ ಹೇಳಲು ಹೆದರುತ್ತಾನೆ. ಆಗ ಏಲಿಯೇ ಕರೆದು, ಒಂದನ್ನೂ ಮುಚ್ಚಿಡಬೇಡ ಎಂದು ಹೇಳಿಸಿಕೊಳ್ಳುತ್ತಾನೆ. ತಂದೆಯಾಗಿ ಸೋತ ಆ ಮುದುಕ ಗುರುವಾಗಿ ಮಾಡಿದ ದೊಡ್ಡ ಕೆಲಸ ಇದು. ಕಥೆಯ ಈ ಉತ್ತರಾರ್ಧವನ್ನು ಶಿಬಿರದಲ್ಲಿ ಹೇಳಿದ್ದನ್ನು ಕೇಳಿದವರು ಕಡಿಮೆ.

ನಮ್ಮ ಸಮಾಜದಲ್ಲಿ ಅಯ್ಯನವರ ಮುಂದೆ, ಮೇಷ್ಟರ ಮುಂದೆ, ದೊಡ್ಡಪ್ಪನ ಮುಂದೆ ಕುರ್ಚಿಯಲ್ಲಿ ಕೂರುವುದಕ್ಕೇ ಹುಡುಗರು ಹಿಂಜರಿಯುತ್ತಾರೆ. ಈ ಮರ್ಯಾದೆ ಕೆಟ್ಟದ್ದಲ್ಲ. ಆದರೆ ಅದೇ ಮರ್ಯಾದೆ ಕೆಲವರಿಗೆ ಕೋಟೆ. “ದೊಡ್ಡವರ ಬಗ್ಗೆ ಹಾಗೆಲ್ಲ ಮಾತಾಡಬಾರದು ಕಣೋ” ಎಂಬ ಒಂದು ಮಾತಿನಿಂದ ಎಷ್ಟು ಬಾಯಿ ಮುಚ್ಚಿದೆಯೋ. ಕಾನೂನು ಈಗ ಆ ಮಾತಿಗೆ ಬೆಲೆ ಕೊಡುವುದಿಲ್ಲ. 2012ರ ನವೆಂಬರಿನಿಂದ ಜಾರಿಯಲ್ಲಿರುವ ಪೋಕ್ಸೋ ಕಾಯಿದೆಯ ಪ್ರಕಾರ, 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಇರಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ, ಜೊತೆಗೆ ದಂಡ. ಸಭೆಯ ಮಾನ, ಮನೆತನದ ಮಾನ, ಕಮಿಟಿಯಲ್ಲೇ ಮಾತಾಡಿ ಮುಗಿಸೋಣ ಎಂಬ ದಾರಿ ಕಾನೂನಿನಲ್ಲಿ ಇಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ಅಂಕಿಯನ್ನು ಶಿಬಿರದ ಊಟದ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದರೆ ಯಾವ ಹಿರಿಯರಿಗೂ ಅವಮಾನವಾಗಬೇಕಿಲ್ಲ. ಆಗುವುದಾದರೆ ಏಕೆ ಆಗುತ್ತದೆಂದು ಕೇಳಬೇಕಾಗುತ್ತದೆ.

ಹೆಂಗಸರ ವಿಷಯ ಒಂದು ಉಳಿದಿದೆ. ಹುಡುಗ ಹುಡುಗಿಯರಿಬ್ಬರೂ ಬರುವ ಶಿಬಿರಕ್ಕೆ ಹತ್ತು ಹನ್ನೊಂದು ಗಂಡಸರ ಕಮಿಟಿ, ಹೆಂಗಸರು ಅಡುಗೆಮನೆಗೆ ಮಾತ್ರ ಎಂಬುದು ಇನ್ನೂ ಅಲ್ಲಲ್ಲಿ ಇದೆ. ಮನೆ ಬಿಟ್ಟು ಮೊದಲ ಸಲ ಬಂದ ಹನ್ನೆರಡರ ಹುಡುಗಿಗೆ ರಾತ್ರಿ ಹೊಟ್ಟೆನೋವು ಶುರುವಾದರೆ ಅವಳು ಹೇಳಿಕೊಳ್ಳುವುದು ಯಾರಿಗೆ? ಮಾತ್ರೆ ಡಬ್ಬಿಯ ಆ ಆಂಟಿಗೆ. ಅವರ ಬಳಿ ಬಟ್ಟೆ ಇರುತ್ತದೆ, ಬಿಸಿನೀರು ಇರುತ್ತದೆ, ಇದು ಕಾಯಿಲೆಯಲ್ಲ ಎನ್ನುವ ಮಾತೂ ಇರುತ್ತದೆ. ಶಿಬಿರದ ಬಗ್ಗೆ ನಿಜವಾಗಿ ಗೊತ್ತಿರುವವರು ಅವರೇ. ಯಾವ ಹುಡುಗಿ ಊಟ ಬಿಟ್ಟಿದ್ದಾಳೆ, ಯಾರು ಯಾರ ಪಕ್ಕ ಮಲಗಲು ಹೆದರುತ್ತಿದ್ದಾರೆ, ಯಾವ ‘ಅಣ್ಣ’ ಬೇಕಿಲ್ಲದ ಕಡೆ ಬಂದು ನಿಲ್ಲುತ್ತಾನೆ ಎಂಬುದೆಲ್ಲ ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಕಮಿಟಿಯ ಮೀಟಿಂಗಿನಲ್ಲಿ ಅವರಿಗೆ ಕುರ್ಚಿ ಇರುವುದಿಲ್ಲ. ಟೀ ತರಲು ಮಾತ್ರ ಒಳಗೆ ಬರುತ್ತಾರೆ. ಹದಿನೆಂಟರ ಹುಡುಗಿಯೊಬ್ಬಳನ್ನೂ ಆ ಆಂಟಿಯನ್ನೂ ಮೊದಲು ಕಮಿಟಿಗೆ ಸೇರಿಸಿ, ಮಿಕ್ಕ ಹೆಸರುಗಳನ್ನು ಆಮೇಲೆ ಬರೆಯಿರಿ.

ಈಗೀಗ ಕೆಲವು ಕಡೆ ಕೆಲಸದ ಪಟ್ಟಿಯನ್ನು ಹುಡುಗರೇ ಬರೆಯುತ್ತಿದ್ದಾರೆ, ಹಿರಿಯರ ಹೆಸರನ್ನೂ ಸೇರಿಸಿ. ಬೆಳಗಿನ ಧ್ಯಾನಕ್ಕೆ ಕಾಲೇಜು ಹುಡುಗಿ, ಲೆಕ್ಕಕ್ಕೆ ಬ್ಯಾಂಕಿನಿಂದ ನಿವೃತ್ತರಾದವರು ಮತ್ತು ಅವರ ಜೊತೆ ಬಿ.ಕಾಂ. ಓದುವ ಒಬ್ಬ. ಚಿಕ್ಕ ಮಕ್ಕಳ ಗುಂಪಿಗೆ ಯಾವಾಗಲೂ ಇಬ್ಬರು ದೊಡ್ಡವರು, ಒಬ್ಬರೇ ಎಂದಿಗೂ ಅಲ್ಲ. ಮಾತಾಡಬೇಕೆನಿಸಿದರೆ ಮರದ ಕೆಳಗೆ, ಎಲ್ಲರಿಗೂ ಕಾಣುವಂತೆ. ಕೋಣೆಯ ಬಾಗಿಲು ಹಾಕಿಕೊಂಡು ಅಲ್ಲ. ಹಳೆಯ ಕಾಲದವರು ಕೆಲವರು ಇದನ್ನು ಅಪನಂಬಿಕೆ ಎಂದು ಮುನಿಸಿಕೊಳ್ಳುತ್ತಾರೆ. “ನಲವತ್ತು ವರ್ಷದಿಂದ ಬರ್ತಾ ಇದ್ದೇನೆ, ನನ್ನನ್ನೂ ಕಾಯಬೇಕೆ?” ಎನ್ನುತ್ತಾರೆ. ಮೀನು ಮಾರುವವಳ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು, ಅವಳು ಮೋಸಗಾರ್ತಿ ಎಂದಲ್ಲ.

ಪಟ್ಟಿಯ ಕಡೆಯಲ್ಲಿ ರಾತ್ರಿ ಕಾವಲು ಎಂದಿರುತ್ತದೆ. ಅದು ಅಜ್ಜನ ಪಾಲು. ಹೇಗೂ ಅವರಿಗೆ ನಿದ್ದೆ ಬರುವುದಿಲ್ಲ. ಜೊತೆಗೆ ಡಿಗ್ರಿ ಓದುವ ಹುಡುಗನೊಬ್ಬ. ಹುಡುಗರ ಹಾಲಿಗೂ ಹುಡುಗಿಯರ ಹಾಲಿಗೂ ನಡುವಿನ ಜಗುಲಿಯಲ್ಲಿ, ಲೈಟಿನ ಕೆಳಗೆ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಟಾರ್ಚು, ಒಂದು ಫ್ಲಾಸ್ಕು ಕಾಫಿ. ಹನ್ನೆರಡರವರೆಗೆ ಅಜ್ಜ ತಮ್ಮ ಕಾಲದ ಶಿಬಿರದಲ್ಲಿ ಪೆಟ್ರೋಮ್ಯಾಕ್ಸ್ ಹೇಗೆ ಹೊತ್ತಿಸುತ್ತಿದ್ದರು ಎಂದು ವಿವರಿಸುತ್ತಾರೆ. ಹುಡುಗ ಹೂಂಗುಟ್ಟುತ್ತ ಫೋನು ನೋಡುತ್ತಾನೆ. ಒಂದು ಗಂಟೆಯ ಮೇಲೆ ಫೋನಿನ ಚಾರ್ಜು ಮುಗಿದು ಅವನೂ ಮಾತಿಗೆ ಶುರುವಿಟ್ಟುಕೊಳ್ಳುತ್ತಾನೆ.